ಬೆಟ್ಟದ ಕಾಡಿನ ಬಿಸಿನೀರಿನ ಬುಗ್ಗೆ: ಆ ಬಿಸಿ ಎಲ್ಲಿಂದ ಬರುತ್ತದೆ, ನಾವು ಎಲ್ಲಿ ಇಳಿಯಬಹುದು

ಮೈಸೂರು, ಮಂಡ್ಯ ಸೀಮೆಯಲ್ಲಿ ಕಲ್ಲುಬೆಟ್ಟಗಳಿಗೆ ಕೊರತೆಯಿಲ್ಲ. ಚಾಮುಂಡಿ ಬೆಟ್ಟ, ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆ ಹೀಗೆ ಎಲ್ಲಿ ನೋಡಿದರೂ ಬಂಡೆ, ಬಂಡೆಯ ಪಕ್ಕದಲ್ಲೊಂದು ಕೊಳ ಅಥವಾ ಕಲ್ಯಾಣಿ. ಆದರೆ ಈ ಯಾವ ಕೊಳದ ನೀರೂ ನೆಲದೊಳಗಿನಿಂದ ಬಿಸಿಯಾಗಿ ಬರುವುದಿಲ್ಲ. ಮಡಿಕೇರಿ, ಸುಳ್ಯ ದಾಟಿ ಪುತ್ತೂರು ತಾಲ್ಲೂಕಿನ ಇರ್ದೆಗೆ ಹೋದರೆ ಅಲ್ಲಿ ಹೊಳೆಯ ದಡದಲ್ಲಿ ಬೆಂದ್ರು ತೀರ್ಥವೆಂಬ ಬೆಚ್ಚಗಿನ ಬುಗ್ಗೆ ಸಿಗುತ್ತದೆ. ಅದರ ನೀರು ನಮ್ಮ ಮೈಯ ಬಿಸಿಗಿಂತ ತುಸುವೇ ಹೆಚ್ಚು. ಹಿಮಾಲಯದ ಯಮುನೋತ್ರಿಗೋ ಮಣಿಕರಣಕ್ಕೋ ಹೋದರೆ ಅದೇ ಬಗೆಯ ನೀರು ಅಕ್ಕಿ ಬೇಯುವಷ್ಟು ಕುದಿಯುತ್ತಿರುತ್ತದೆ. ಮೂರೂ ಕಡೆ ಬೀಳುವುದು ಮಳೆ, ಇರುವುದು ಬಂಡೆ; ಬಿಸಿಯಲ್ಲಿ ಮಾತ್ರ ಇಷ್ಟು ಅಂತರ. ಈ ಅಂತರದ ಕಾರಣವನ್ನು ತಿಳಿದುಕೊಂಡರೆ, ಚಾರಣ ಮಾಡಿ ಕಾಡಿನ ನಡುವಿನ ಬುಗ್ಗೆಯನ್ನು ತಲುಪಿದಾಗ ಎಲ್ಲಿ ಕಾಲಿಡಬೇಕು, ಎಷ್ಟು ಹೊತ್ತು ಕೂರಬೇಕು, ಯಾವುದನ್ನು ಮುಟ್ಟಬಾರದು ಎಂಬುದೂ ಬಹುಮಟ್ಟಿಗೆ ತಿಳಿದಂತೆಯೇ.

ಭೂಮಿಯ ಒಳಗಿನ ಶಾಖಕ್ಕೆ ಎರಡು ಮೂಲಗಳಿವೆ. ಭೂಮಿ ರೂಪುಗೊಂಡ ಕಾಲದಿಂದ ಉಳಿದುಬಂದಿರುವ ಬಿಸಿ ಒಂದು. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಂಥ ವಿಕಿರಣಶೀಲ ಧಾತುಗಳು ನಿಧಾನವಾಗಿ ಕ್ಷಯಿಸುತ್ತ ಹೊರಸೂಸುವ ಬಿಸಿ ಇನ್ನೊಂದು. ಈ ಕಾರಣದಿಂದ ನೆಲದೊಳಗೆ ಇಳಿದಂತೆಲ್ಲ ಉಷ್ಣಾಂಶ ಏರುತ್ತದೆ. ಭೂಖಂಡಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಳಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ನಮ್ಮ ಕಾಲ ಕೆಳಗಿನ ನೆಲ ಈ ಲೆಕ್ಕಕ್ಕೆ ಅಪವಾದ. ಹಳೆಯ ಮೈಸೂರು ಸೀಮೆಯ ತಳದಲ್ಲಿರುವ ನೈಸ್ ಶಿಲೆಗೆ 300 ಕೋಟಿ ವರ್ಷದಷ್ಟು ವಯಸ್ಸಾಗಿದೆ. ಚಾಮುಂಡಿ ಬೆಟ್ಟದ ಗ್ರಾನೈಟ್ ಅದಕ್ಕಿಂತ ಬಹಳ ಕಿರಿಯದಾದರೂ ಅದು ಆರಿ ಗಟ್ಟಿಯಾಗಿಯೇ ಸುಮಾರು 80 ಕೋಟಿ ವರ್ಷ ಕಳೆದಿದೆ. ಇಷ್ಟು ಹಳೆಯದಾದ, ದಪ್ಪನಾದ, ತಣಿದ ಭೂಖಂಡದಲ್ಲಿ ಆಳಕ್ಕೆ ಇಳಿದಾಗ ಬಿಸಿ ಏರುವ ವೇಗ ಸಾಮಾನ್ಯದ ಅರ್ಧದಷ್ಟು ಮಾತ್ರ. ಮಂಡ್ಯದ ರೈತರೊಬ್ಬರು ಸಾವಿರ ಅಡಿಯ ಕೊಳವೆಬಾವಿ ಕೊರೆಸಿದರೂ ಅಲ್ಲಿನ ಬಂಡೆ ಮೇಲಿನದಕ್ಕಿಂತ ಮೂರು ನಾಲ್ಕು ಡಿಗ್ರಿಯಷ್ಟೇ ಹೆಚ್ಚು ಬಿಸಿ ಇರುತ್ತದೆ. ಚಳಿಗಾಲದ ಮುಂಜಾನೆ ಆ ನೀರು ಬೆಚ್ಚಗೆನ್ನಿಸುವುದಕ್ಕೆ ಹೊರಗಿನ ಗಾಳಿ ತಣ್ಣಗಿರುವುದೇ ಮುಖ್ಯ ಕಾರಣ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿದ್ದರಿಂದ ಕಾರ್ಮಿಕರಿಗಾಗಿ ತಂಪುಗಾಳಿಯನ್ನು ಕೆಳಗೆ ಕಳಿಸಬೇಕಾಗಿತ್ತು. ಅಂದರೆ ನಮ್ಮಲ್ಲೂ ಆಳದಲ್ಲಿ ಬಿಸಿಯುಂಟು. ಆ ಬಿಸಿಯನ್ನು ಮೇಲಕ್ಕೆ ಹೊತ್ತು ತರುವ ನೀರಿನ ದಾರಿ ಇಲ್ಲ.

ಬುಗ್ಗೆಯ ವಿಚಾರದಲ್ಲಿ ನಿರ್ಣಾಯಕವಾದದ್ದು ಈ ದಾರಿಯೇ. ಬೆಟ್ಟದ ಮೇಲೆ ಬಿದ್ದ ಮಳೆ, ಕರಗಿದ ಹಿಮ ಬಂಡೆಯ ಬಿರುಕುಗಳಲ್ಲಿ ಇಂಗುತ್ತ ಎರಡು ಮೂರು ಕಿಲೋಮೀಟರ್ ಆಳಕ್ಕೆ ಇಳಿಯಬೇಕು. ಅಲ್ಲಿ ಬಿಸಿ ಬಂಡೆಗಳ ನಡುವೆ ಸಾಕಷ್ಟು ಕಾಲ ಇರಬೇಕು. ಬಳಿಕ ಭೂಚಿಪ್ಪು ಒಡೆದು ಸರಿದಿರುವ ಸ್ತರಭಂಗದಂಥ ದೊಡ್ಡ ಬಿರುಕೊಂದರ ಮೂಲಕ ಬೇಗನೆ ಮೇಲೇರಬೇಕು. ಏರುವಾಗ ತಡವಾದರೆ ಸುತ್ತಲಿನ ತಣ್ಣನೆಯ ಬಂಡೆಗೆ ಶಾಖವನ್ನೆಲ್ಲ ಬಿಟ್ಟುಕೊಟ್ಟು ಮಾಮೂಲಿ ಊಟೆಯಾಗಿ ಹೊರಬರುತ್ತದೆ. ಆಳದಲ್ಲಿ ನೀರಿನ ಮೇಲಿನ ಒತ್ತಡ ಹೆಚ್ಚಿರುವುದರಿಂದ, ಪ್ರೆಷರ್ ಕುಕ್ಕರಿನೊಳಗೆ ಆಗುವಂತೆಯೇ, 100 ಡಿಗ್ರಿ ದಾಟಿದರೂ ಅದು ಆವಿಯಾಗದೆ ನೀರಾಗಿಯೇ ಉಳಿಯಬಲ್ಲದು. ಬಿಸಿನೀರು ತಣ್ಣೀರಿಗಿಂತ ಹಗುರ. ಬೆಟ್ಟದ ಮೇಲಿನ ಬಿರುಕುಗಳಲ್ಲಿ ತುಂಬಿರುವ ತಣ್ಣೀರಿನ ಭಾರವೂ ಅದನ್ನು ಕೆಳಗಿನಿಂದ ಒತ್ತಿ ತಳ್ಳುತ್ತದೆ. ಬುಗ್ಗೆಗಳು ಶಿಖರದಲ್ಲಿ ಕಾಣಿಸದೆ ಸಾಮಾನ್ಯವಾಗಿ ಕಣಿವೆಯ ತಳದಲ್ಲಿ, ಹೊಳೆಯ ಅಂಚಿನಲ್ಲಿ ಅಥವಾ ಇಳಿಜಾರಿನ ನಡುವೆ ಚಿಮ್ಮುವುದಕ್ಕೆ ಇದು ಕಾರಣ. ಹೀಗೆ ಬರುವ ನೀರು ಮೂಲತಃ ಮಳೆಯದೇ ಎಂಬುದನ್ನು ಅದರಲ್ಲಿರುವ ಜಲಜನಕ ಮತ್ತು ಆಮ್ಲಜನಕದ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳನ್ನು) ಅಳೆದು ವಿಜ್ಞಾನಿಗಳು ತೋರಿಸಿದ್ದಾರೆ. ಒಂದು ಹನಿ ಇಳಿದು ಬಿಸಿಯಾಗಿ ಮೇಲೆ ಬರುವುದಕ್ಕೆ ಕೆಲವೆಡೆ ದಶಕಗಳು ಹಿಡಿದರೆ ಇನ್ನು ಕೆಲವೆಡೆ ಸಾವಿರಾರು ವರ್ಷಗಳೇ ಹಿಡಿಯುತ್ತವೆ. ಆ ಹನಿ ಹೊರಬಂದು ನಮ್ಮ ಪಾದ ತೊಳೆಯುವಷ್ಟರಲ್ಲಿ ಎಷ್ಟೋ ತಲೆಮಾರುಗಳು ಕಳೆದಿರಬಹುದು ಎಂಬುದನ್ನು ನೆನೆದರೆ ಆ ನೀರನ್ನು ಹಗುರವಾಗಿ ಕಾಣಲು ಮನಸ್ಸು ಬರುವುದಿಲ್ಲ.

ಹಿಮಾಲಯದಲ್ಲಿ ಈ ಷರತ್ತುಗಳೆಲ್ಲ ಒಟ್ಟಿಗೆ ಕೂಡಿಬಂದಿವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಯುರೇಷಿಯದ ಫಲಕಕ್ಕೆ ಡಿಕ್ಕಿ ಹೊಡೆದು ಇಂದಿಗೂ ಅದನ್ನು ಒತ್ತುತ್ತಲೇ ಇದೆ. ಆಳದ ಬಿಸಿ ಬಂಡೆ ಮೇಲಕ್ಕೆ ಏರುತ್ತಿರುವಂತೆ ನದಿಗಳೂ ಹಿಮನದಿಗಳೂ ಮೇಲಿನದನ್ನು ಕೊರೆದು ಒಯ್ಯುತ್ತಿವೆ. ಹೀಗಾಗಿ ಪೂರ್ತಿ ಆರಲು ಅವಕಾಶವೇ ಸಿಗದ ಬಂಡೆ ನೆಲಕ್ಕೆ ಹತ್ತಿರ ಬಂದು ನಿಂತಿದೆ. ಮುಖ್ಯ ಕೇಂದ್ರೀಯ ಒತ್ತುಭ್ರಂಶವೆಂದು ಭೂವಿಜ್ಞಾನಿಗಳು ಕರೆಯುವ ಮಹಾ ಬಿರುಕು ಪರ್ವತದ ಉದ್ದಕ್ಕೂ ಹಾದುಹೋಗಿದೆ. ಉತ್ತರಾಖಂಡದ ಬುಗ್ಗೆಗಳಲ್ಲಿ ಅನೇಕವು ಅದರ ಆಸುಪಾಸಿನಲ್ಲಿಯೇ ಸಾಲಾಗಿ ಕಾಣಿಸುತ್ತವೆ. ಲಡಾಖಿನ ಪೂಗಾ ಕಣಿವೆ ಎರಡು ಫಲಕಗಳು ಬೆಸೆದುಕೊಂಡ ಗೆರೆಗೇ ಹತ್ತಿರವಿದೆ. ಅಲ್ಲಿ ಗಂಧಕ, ಬೊರಾಕ್ಸ್ ನೆಲದ ಮೇಲೆಯೇ ಪುಡಿಯಾಗಿ ಕಟ್ಟಿಕೊಳ್ಳುತ್ತವೆ, ಮತ್ತು ಆ ಶಾಖದಿಂದ ವಿದ್ಯುತ್ ಉತ್ಪಾದಿಸುವ ಯೋಜನೆಯೊಂದಕ್ಕೆ 2021ರಲ್ಲಿ ಒಪ್ಪಂದವೂ ಆಗಿದೆ. ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಗುರುತಿಸಿದ್ದು, ಹಿಮಾಲಯವನ್ನು ಬಿಟ್ಟರೆ ಕೊಂಕಣ ಕರಾವಳಿಯ ಗಣೇಶಪುರಿ, ವಜ್ರೇಶ್ವರಿ, ಬಿಹಾರದ ರಾಜಗೀರ್, ಬಂಗಾಳದ ಬಕ್ರೇಶ್ವರ, ಜಾರ್ಖಂಡದ ಸೂರ್ಯಕುಂಡ ಮೊದಲಾದವು ಹೆಸರಾಗಿವೆ. ಇವುಗಳಲ್ಲಿ ಯಾವುದಕ್ಕೂ ಕೆಳಗೆ ಜ್ವಾಲಾಮುಖಿ ಉರಿಯುತ್ತಿಲ್ಲ.

ಕುದಿಯುವ ನೀರಿನ ವಿಚಾರದಲ್ಲಿ ಎತ್ತರದ ಲೆಕ್ಕವೊಂದನ್ನು ಹೇಳಲೇಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಏರುವ ಪ್ರತಿ 300 ಮೀಟರಿಗೆ ಸರಿಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಅನ್ನಕ್ಕಿಟ್ಟ ಎಸರು ಕುದಿಯುವುದು 97 ಡಿಗ್ರಿಯ ಹತ್ತಿರ. ಯಮುನೋತ್ರಿ 3,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಕುದಿಬಿಂದುವೇ 89ರ ಆಸುಪಾಸು. ದೇವಾಲಯದ ಪಕ್ಕದ ಸೂರ್ಯಕುಂಡದ ನೀರು ಸುಮಾರು 88 ಡಿಗ್ರಿ ಇರುವುದರಿಂದ ಅದು ಅಕ್ಷರಶಃ ಆ ಜಾಗದ ಕುದಿಯುವ ನೀರು. ಯಾತ್ರಿಕರು ಅಕ್ಕಿಯನ್ನೂ ಆಲೂಗೆಡ್ಡೆಯನ್ನೂ ತೆಳುಬಟ್ಟೆಯಲ್ಲಿ ಗಂಟುಕಟ್ಟಿ ದಾರ ಹಿಡಿದು ಅದರೊಳಗೆ ಇಳಿಬಿಡುತ್ತಾರೆ. ಮಣಿಕರಣದ ಗುರುದ್ವಾರದಲ್ಲಿ ಲಂಗರಿನ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದ, ಪಾತ್ರೆಗಳನ್ನೇ ಬುಗ್ಗೆಯಲ್ಲಿಟ್ಟು ಬೇಯಿಸುವುದನ್ನು ಕಾಣಬಹುದು. ಬೇಯಿಸುವ ಕುಂಡ ಬೇರೆ, ಸ್ನಾನದ ಕುಂಡ ಬೇರೆ ಎಂಬ ವ್ಯವಸ್ಥೆ ಈ ಕ್ಷೇತ್ರಗಳಲ್ಲಿ ಹಿಂದಿನಿಂದಲೂ ಬಂದಿದೆ. ಕಾಡಿನ ಬುಗ್ಗೆಯಲ್ಲಿ ಹಾಗೆ ಬೇರ್ಪಡಿಸಿ ಕೊಟ್ಟವರು ಯಾರೂ ಇರುವುದಿಲ್ಲ. ಆ ವಿವೇಚನೆಯನ್ನು ಹೋದವರೇ ಮಾಡಬೇಕು.

ಕಾಡಿನ ನಡುವಿನ ಬುಗ್ಗೆಯೊಂದನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಕೊಳವಲ್ಲವೆಂಬುದು ತಿಳಿಯುತ್ತದೆ. ನೀರು ಚಿಮ್ಮುವ ಬಾಯಿ ಒಂದು ಕಡೆ. ಅಲ್ಲಿಂದ ಕಲ್ಲಿನ ಸಂದಿಯಲ್ಲಿ ಹರಿಯುವ ಸಣ್ಣ ಕಾಲುವೆ. ಅದು ಹೋಗಿ ತುಂಬಿಕೊಳ್ಳುವ ತಗ್ಗು. ಎಲ್ಲೋ ಒಂದು ಬದಿಯಲ್ಲಿ ತೊರೆಯ ತಣ್ಣೀರು ಬಂದು ಬೆರೆಯುವ ಜಾಗ. ಬಾಯಿಯ ಬಳಿ 70 ಡಿಗ್ರಿ ಇರುವ ನೀರು ಹತ್ತಾರು ಹೆಜ್ಜೆಗಳ ಆಚೆ ಮೀಯುವ ಹದಕ್ಕೆ ಬಂದಿರಬಹುದು. ಇದು ಸಣ್ಣ ವ್ಯತ್ಯಾಸವಲ್ಲ. 50 ಡಿಗ್ರಿಯ ನೀರು ಚರ್ಮವನ್ನು ಸುಡಲು ಕೆಲವು ನಿಮಿಷ ತೆಗೆದುಕೊಂಡರೆ 60 ಡಿಗ್ರಿಯ ನೀರಿಗೆ ಐದು ಸೆಕೆಂಡ್ ಸಾಕು, 70 ಡಿಗ್ರಿಯ ನೀರಿಗೆ ಒಂದು ಸೆಕೆಂಡ್. ಮಕ್ಕಳ ಮತ್ತು ವಯಸ್ಸಾದವರ ಚರ್ಮ ತೆಳುವಾದುದರಿಂದ ಅವರಿಗೆ ಈ ಅವಧಿ ಇನ್ನೂ ಕಡಿಮೆ. ಕಾಲು ಜಾರಿ ಬಿದ್ದವರು ಮೇಲೇಳಲು ತೆಗೆದುಕೊಳ್ಳುವ ಸಮಯಕ್ಕಿಂತಲೂ ಸುಡುವ ಸಮಯ ಕಡಿಮೆಯಿರುವ ನೀರಿನ ಅಂಚಿನಲ್ಲಿ ಫೋಟೋಗಾಗಿ ಹಿಂದೆ ಹಿಂದೆ ಸರಿಯುವುದು ಎಷ್ಟು ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಇಳಿಯುವ ಮುನ್ನ ನೀರನ್ನು ಪರೀಕ್ಷಿಸಬೇಕು. ನಮ್ಮ ಮನೆಗಳಲ್ಲಿ ಹಸುಗೂಸಿಗೆ ನೀರು ಹಾಕುವ ಅಜ್ಜಿಯರು ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈಬೆರಳಿನ ಮಾತನ್ನು ನಂಬದೆ ಮೊಣಕೈಯಿಂದ ಹದ ನೋಡುತ್ತಾರೆ; ಕೆಲಸ ಮಾಡಿ ದಡ್ಡುಗಟ್ಟಿದ ಅಂಗೈಗಿಂತ ಮೊಣಕೈಯ ಚರ್ಮ ಬಿಸಿಯನ್ನು ಸರಿಯಾಗಿ ಗ್ರಹಿಸುತ್ತದೆ. ಬುಗ್ಗೆಯ ಬಳಿಯೂ ಇದೇ ಕ್ರಮ ಒಳ್ಳೆಯದು, ಆದರೆ ಒಂದು ತಿದ್ದುಪಡಿಯೊಂದಿಗೆ: ಮೊದಲು ಕೈ ಅದ್ದಬಾರದು. ಚೊಂಬಿನಲ್ಲೋ ಲೋಟದಲ್ಲೋ ನೀರು ಮೊಗೆದು ಆ ಪಾತ್ರೆಯ ಹೊರಮೈ ಮುಟ್ಟಿ ನೋಡಿ, ತಾಳುವಂತಿದ್ದರೆ ಮಾತ್ರ ಮೊಣಕೈ ಅದ್ದಬೇಕು. ಅಡುಗೆಮನೆಯಲ್ಲಿ ಬಳಸುವ ಸಣ್ಣ ಥರ್ಮಾಮೀಟರ್ ಚೀಲದಲ್ಲಿದ್ದರೆ ಇನ್ನೂ ನಿಶ್ಚಿಂತೆ. ಕೊಳದ ಒಂದು ಮೂಲೆ ಹದವಾಗಿದೆಯೆಂದು ಇನ್ನೊಂದು ಮೂಲೆಯೂ ಹಾಗೆಯೇ ಇದೆಯೆಂದು ಭಾವಿಸುವಂತಿಲ್ಲ, ಏಕೆಂದರೆ ತಳದಲ್ಲಿ ಬೇರೆ ಬಾಯಿಗಳು ತೆರೆದಿರಬಹುದು. ಹೋದ ವರ್ಷ ಹೋಗಿಬಂದವರ ಮಾತನ್ನೂ ಪೂರ್ತಿಯಾಗಿ ನೆಚ್ಚಲಾಗದು. ಮಳೆಗಾಲದ ನಂತರ ನೆಲದ ಮೇಲ್ಪದರದ ತಣ್ಣೀರು ಬುಗ್ಗೆಯೊಳಗೆ ಹೆಚ್ಚಾಗಿ ಬೆರೆಯುತ್ತದೆ. ಬೇಸಿಗೆಯಲ್ಲಿ ಆ ಬೆರಕೆ ಕಡಿಮೆಯಾದಾಗ ಅದೇ ಕೊಳ ಮೀಯಲಾರದಷ್ಟು ಕಾಯ್ದಿರುವುದುಂಟು.

ನೀರಿನಷ್ಟೇ ಗಮನ ನೆಲಕ್ಕೂ ಬೇಕು. ಬಿಸಿನೀರು ಆಳದಲ್ಲಿ ಕರಗಿಸಿಕೊಂಡು ತಂದ ಸುಣ್ಣ, ಸಿಲಿಕಾ ಹೊರಗೆ ತಣಿದಾಗ ಬಾಯಿಯ ಸುತ್ತ ಪದರ ಪದರವಾಗಿ ಕೂರುತ್ತವೆ. ಬಿಳಿ, ಬೂದು, ತುಕ್ಕುಗೆಂಪು ಬಣ್ಣದ ಈ ಕಟ್ಟೆ ಗಟ್ಟಿಯಾಗಿ ಕಂಡರೂ ಕೆಲವೆಡೆ ತೆಳುವಾದ ಹೊದಿಕೆಯಷ್ಟೇ ಆಗಿದ್ದು, ಅದರ ಕೆಳಗೆ ಕುದಿನೀರೋ ಕೆಸರೋ ಇರುವುದುಂಟು. ಈಗಾಗಲೇ ಸವೆದ ಕಾಲುದಾರಿಯನ್ನೂ ದೊಡ್ಡ ಬಂಡೆಗಳನ್ನೂ ಬಿಟ್ಟು ಬಾಯಿಯ ಬಳಿ ನಡೆಯಬಾರದು.

ಆ ಕಟ್ಟೆಯ ಮೇಲೆ, ಕಾಲುವೆಯ ಉದ್ದಕ್ಕೂ, ಹಳದಿ, ಕಿತ್ತಳೆ, ದಟ್ಟ ಹಸಿರಿನ ಲೋಳೆಯಂಥ ಪೊರೆಯೊಂದು ಅಂಟಿರುತ್ತದೆ. ನೋಡಿದವರಲ್ಲಿ ಅನೇಕರು ಅದನ್ನು ಪಾಚಿಯ ಕೊಳೆ ಎಂದುಕೊಂಡು ಕಾಲಿನಿಂದ ಕೆರೆದು ತೆಗೆಯುತ್ತಾರೆ. ಅದು ಬಿಸಿಯಲ್ಲಿಯೇ ಬದುಕಲು ಹುಟ್ಟಿದ ಸೂಕ್ಷ್ಮಜೀವಿಗಳ ಸಮುದಾಯ. ಸುಮಾರು 73 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬಿಸಿಲಿನಿಂದ ಆಹಾರ ತಯಾರಿಸುವ ಯಾವ ಜೀವಿಯೂ ಬದುಕಲಾರದು. ಹೀಗಾಗಿ ಬಾಯಿಯ ತೀರ ಹತ್ತಿರ ಹಸಿರು ಇರುವುದಿಲ್ಲ, ನೀರು ತಣಿಯುತ್ತ ಹೋದಂತೆ ಬಣ್ಣಗಳು ಒಂದರ ನಂತರ ಒಂದರಂತೆ ಬದಲಾಗುತ್ತವೆ. ಕಣ್ಣಿದ್ದವರಿಗೆ ಇದೊಂದು ಬಗೆಯ ಥರ್ಮಾಮೀಟರೇ ಸರಿ: ಹಸಿರು ಪೊರೆಯಿಲ್ಲದ, ಬರಿಗಲ್ಲು ಕಾಣುವ, ಹೊಗೆಯಾಡುವ ನೀರಿನ ಹತ್ತಿರ ಸುಳಿಯಬಾರದು. ಹಸಿರಿದೆಯೆಂದ ಮಾತ್ರಕ್ಕೆ ಇಳಿಯಬಹುದೆಂದೂ ಅರ್ಥವಲ್ಲ, ಏಕೆಂದರೆ ಆ ಜೀವಿಗಳಿಗೆ ಹಿತವಾದ 60 ಡಿಗ್ರಿ ನಮ್ಮನ್ನು ಸುಡುತ್ತದೆ. 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬುಗ್ಗೆಯೊಂದರಿಂದ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಎಂಬ ವಿಜ್ಞಾನಿಗಳು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯವನ್ನು ಹೊರತೆಗೆದರು. ಅದರ ಕಿಣ್ವ ಕುದಿಯ ಹತ್ತಿರದ ಬಿಸಿಯಲ್ಲೂ ಕೆಡದ ಕಾರಣ, ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ಪ್ರತಿಗಳಾಗಿ ಹೆಚ್ಚಿಸುವ, ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದ ಪಿಸಿಆರ್ ವಿಧಾನಕ್ಕೆ ಅದು ಆಧಾರವಾಯಿತು; ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗು ಗಂಟಲಿನ ದ್ರವ ಕೊಟ್ಟು ಕಾಯುತ್ತಿದ್ದ ಪರೀಕ್ಷೆಯ ಬೇರು ಇಂಥದ್ದೇ ಒಂದು ಕಾಲುವೆಯ ಲೋಳೆಯಲ್ಲಿದೆ. ಹಿಮಾಲಯದ ಬುಗ್ಗೆಗಳ ಜೀವಿಗಳ ಬಗೆಗೂ ನಮ್ಮ ವಿಜ್ಞಾನಿಗಳು ಅಧ್ಯಯನ ನಡೆಸುತ್ತಿದ್ದಾರೆ. ಸೋಪು, ಶ್ಯಾಂಪು, ಮೈಗೆ ಹಚ್ಚಿದ ಎಣ್ಣೆ ಇವೆಲ್ಲ ಈ ಸಮುದಾಯಕ್ಕೆ ವಿಷ. ಅಭ್ಯಂಜನಕ್ಕೆ ನಮ್ಮ ಬಚ್ಚಲುಮನೆಗಳಿವೆ. ಬುಗ್ಗೆಗೆ ಬರಿಮೈಯಲ್ಲಿ, ಬೆವರು ತೊಳೆದುಕೊಂಡು ಇಳಿಯುವುದೇ ಸರಿ. ಆ ತೊಳೆಯುವ ಕೆಲಸವೂ ಕೊಳದಿಂದ ದೂರದಲ್ಲಿ ನಡೆಯಬೇಕು.

ನೀರು ತಂದ ಖನಿಜಗಳ ಬಗ್ಗೆ ಜನರಲ್ಲಿ ಭಕ್ತಿ ಹೆಚ್ಚು, ಎಚ್ಚರ ಕಡಿಮೆ. ಬಿಸಿನೀರು ತಣ್ಣೀರಿಗಿಂತ ಹೆಚ್ಚು ಖನಿಜವನ್ನು ಕರಗಿಸಿಕೊಳ್ಳುತ್ತದೆ. ಗ್ರಾನೈಟ್ ಬಂಡೆಗಳ ಮೂಲಕ ಬಂದ ನೀರಿನಲ್ಲಿ ಫ್ಲೋರೈಡ್, ಕೆಲವೆಡೆ ಆರ್ಸೆನಿಕ್ ಕೂಡ ಇರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಮೀರಿದರೆ ಹಲ್ಲು ಮೂಳೆಗಳ ಗತಿ ಏನಾಗುತ್ತದೆಂಬುದನ್ನು ಪಾವಗಡದ ಕಡೆಯವರನ್ನು ಕೇಳಿದರೆ ತಿಳಿಯುತ್ತದೆ. ತೀರ್ಥವೆಂದು ಒಂದು ಉದ್ಧರಣೆ ಬಾಯಿಗೆ ಹಾಕಿಕೊಂಡವರಿಗೆ ಏನೂ ಆಗದಿರಬಹುದು. ಆದರೆ ಬಾಟಲಿಗಟ್ಟಲೆ ತುಂಬಿಕೊಂಡು ದಾರಿಯುದ್ದಕ್ಕೂ ಕುಡಿಯುವುದು ಸಲ್ಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವಿದೆ ಎಂದು ತಿಳಿಯಬೇಕು. ಹೆಂಗಸರ ಕಾಲುಂಗುರ, ಕಾಲ್ಗೆಜ್ಜೆ ಅಂಥ ನೀರಿನಲ್ಲಿ ಕೆಲಹೊತ್ತಿಗೆ ಕಪ್ಪಿಡುತ್ತವೆ. ಬೆಳ್ಳಿ ಗಂಧಕದೊಡನೆ ಕೂಡಿ ಬೆಳ್ಳಿಯ ಸಲ್ಫೈಡ್ ಆಗುವುದೇ ಇದಕ್ಕೆ ಕಾರಣ, ಅಪಶಕುನವೇನಲ್ಲ. ಬಯಲಿನಲ್ಲಿ ಈ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ. ತಗ್ಗಿನಲ್ಲಿ, ಗುಹೆಯಂಥ ಸಂದಿನಲ್ಲಿ, ನಾಲ್ಕೂ ಕಡೆ ಮುಚ್ಚಿ ಕಟ್ಟಿದ ಕೋಣೆಯಲ್ಲಿ ಅದು ಇಂಗಾಲದ ಡೈಆಕ್ಸೈಡಿನೊಂದಿಗೆ ಶೇಖರವಾಗಬಲ್ಲದು. ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆ ತಿಳಿಯುವ ಶಕ್ತಿಯೇ ಉಡುಗಿಹೋಗುತ್ತದೆ. ತಲೆನೋವು, ಕಣ್ಣುರಿ ಕಾಣಿಸಿದ ಕೂಡಲೇ ಗಾಳಿಯಾಡುವ ಎತ್ತರದ ಜಾಗಕ್ಕೆ ಹೋಗಬೇಕು.

ಮೂಗಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, 46 ಡಿಗ್ರಿಯವರೆಗಿನ ಬಿಸಿಯಲ್ಲೂ ಬೆಳೆಯಬಲ್ಲದು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ವರದಿಯಾದ ಅಮೀಬಿಕ್ ಮಿದುಳಿನ ಉರಿಯೂತದ ಪ್ರಕರಣಗಳಿಂದ ಅದರ ಹೆಸರು ನಮ್ಮ ಕಡೆಯೂ ಪರಿಚಿತವಾಗಿದೆ. ಈ ಸೋಂಕು ತೀರಾ ಅಪರೂಪ. ಆದರೆ ತಗುಲಿದವರಲ್ಲಿ ಬದುಕುಳಿಯುವವರು ಬಹಳ ಕಡಿಮೆ. ಅದು ನೀರು ಕುಡಿಯುವುದರಿಂದ ಬರುವುದಿಲ್ಲ, ಮೂಗಿನೊಳಗೆ ನೀರು ನುಗ್ಗಿದಾಗ ಮಾತ್ರ ಮಿದುಳಿಗೆ ದಾರಿ ಹಿಡಿಯುತ್ತದೆ. ಪರಿಹಾರ ಸುಲಭವಾದದ್ದು: ಬಿಸಿನೀರಿನ ಬುಗ್ಗೆಯಲ್ಲಿ ತಲೆ ಮುಳುಗಿಸಬಾರದು, ಹಾರಬಾರದು, ತಳದ ಕೆಸರನ್ನು ಕದಡಬಾರದು. ಮೂರು ಮುಳುಗು ಹಾಕಲೇಬೇಕೆಂಬ ಸಂಕಲ್ಪವಿರುವವರು ಮೂಗನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಭುಜದವರೆಗೆ ಕೂತು ತಲೆಗೆ ಪ್ರೋಕ್ಷಿಸಿಕೊಳ್ಳುವುದು ಅದಕ್ಕಿಂತ ಕ್ಷೇಮ.

ದೇಹದ ವಿಚಾರವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ, ಏಕೆಂದರೆ ನಮ್ಮ ಭಾಗದಿಂದ ಚಾರ್‌ಧಾಮ್ ಯಾತ್ರೆಗೆ ಹೋಗುವ ಬಸ್ಸುಗಳಲ್ಲಿ ಅರವತ್ತು ದಾಟಿದವರೇ ಹೆಚ್ಚು. 40 ಡಿಗ್ರಿಯವರೆಗಿನ ನೀರಿನಲ್ಲಿ ಆರೋಗ್ಯವಂತರು ಹತ್ತು ಹದಿನೈದು ನಿಮಿಷ ಕೂರಬಹುದು. ಬದರಿಯ ತಪ್ತಕುಂಡದ ನೀರು ಅದಕ್ಕಿಂತ ಹೆಚ್ಚು ಬಿಸಿ. ಅದರಲ್ಲಿ ಕೂರುವುದಕ್ಕಿಂತ ಚೊಂಬಿನಿಂದ ಮೊಗೆದು ಮೈಮೇಲೆ ಹಾಕಿಕೊಳ್ಳುವುದು ಮೇಲು. ಬಿಸಿನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಒಮ್ಮೆಗೇ ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಕಲ್ಲಿನ ಮೇಲೆ ಬೀಳುವ ಸಂಭವ ಹೆಚ್ಚು. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಹೃದ್ರೋಗಿಗಳು, ಬಸುರಿಯರು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರಿಗೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಅಂಥವರು ಪಾದ ಇಳಿಸುವ ಮುನ್ನ ಜೊತೆಯಲ್ಲಿರುವವರು ನೀರನ್ನು ನೋಡಿ ಹೇಳಬೇಕು. ಮದ್ಯ ಕುಡಿದು ಇಳಿಯುವುದಂತೂ ಪ್ರಾಣದ ಜೊತೆ ಆಟ. ಬಿಸಿ ಸ್ನಾಯುಗಳನ್ನು ಸಡಿಲಿಸುತ್ತದೆ, ಕೀಲುನೋವು ಕೆಲಹೊತ್ತು ಕಡಿಮೆಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಇವು ನಿಜ. ಇದನ್ನೇ ನಂಬಿ ಮಾತ್ರೆ ಔಷಧಿ ನಿಲ್ಲಿಸುವುದು ತಪ್ಪು. ಸುಟ್ಟ ಗಾಯವಾದರೆ ಹರಿಯುವ ತಂಪುನೀರನ್ನು ಇಪ್ಪತ್ತು ನಿಮಿಷ ಹಿಡಿದು, ಒಗೆದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಕೆಳಗಿಳಿಸಬೇಕು; ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಯಾವುದನ್ನೂ ಹಾಕಬಾರದು.

ಎತ್ತರ ಇನ್ನೊಂದು ಸಮಸ್ಯೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ದಿನವೂ ಹತ್ತಿ ಇಳಿಯುವ ಮೈಸೂರಿಗರ ಕಾಲಿಗೂ ಎದೆಗೂ ಒಳ್ಳೆಯ ಕಸುವಿರುತ್ತದೆ. ಆದರೆ ಆ ಅಭ್ಯಾಸ ಎತ್ತರದ ಕಾಯಿಲೆಯನ್ನು ತಡೆಯಲಾರದು. 2,500 ಮೀಟರ್ ದಾಟಿದ ಮೇಲೆ ಗಾಳಿಯಲ್ಲಿನ ಆಮ್ಲಜನಕದ ಒತ್ತಡ ಕಡಿಮೆಯಾಗಿ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ, ನಿದ್ದೆಗೇಡು ಬರಬಹುದು. ಹತ್ತಿದ ದಿನವೇ, ಬೆವರಿನಿಂದ ನೀರು ಕಳೆದುಕೊಂಡ ದೇಹವನ್ನು ಬಿಸಿನೀರಿನಲ್ಲಿ ಬಹಳ ಹೊತ್ತು ಇರಿಸಿದರೆ ಈ ಲಕ್ಷಣಗಳು ಉಲ್ಬಣಿಸುತ್ತವೆ. ಮೊದಲು ನೀರು ಕುಡಿದು, ಏನಾದರೂ ತಿಂದು, ಗಂಟೆಯೊಂದು ವಿಶ್ರಮಿಸಿ ಆಮೇಲೆ ಇಳಿಯಬೇಕು. ಮೇಲೆ ಬಂದೊಡನೆ ತೊಡಲು ಒಣಬಟ್ಟೆ, ಉಣ್ಣೆಯ ಟೋಪಿ ದಡದಲ್ಲೇ ಸಿದ್ಧವಾಗಿರಬೇಕು. ಮೈಸೂರಿನ ಮಾಗಿಯ ಚಳಿಯನ್ನಷ್ಟೇ ಕಂಡವರಿಗೆ, ಒದ್ದೆ ಕೂದಲಿನಲ್ಲಿ ಹಿಮಾಲಯದ ಸಂಜೆಯ ಗಾಳಿಗೆ ನಿಂತಾಗ ದೇಹ ಎಷ್ಟು ಬೇಗ ತಣ್ಣಗಾಗುತ್ತದೆಂಬ ಅಂದಾಜು ಇರುವುದಿಲ್ಲ.

ನಡೆದೇ ತಲುಪಬೇಕಾದ ಬುಗ್ಗೆಗಳಲ್ಲಿ ನಮ್ಮ ಯುವಕರು ಹೆಚ್ಚಾಗಿ ಆರಿಸಿಕೊಳ್ಳುವುದು ಹಿಮಾಚಲದ ಪಾರ್ವತಿ ಕಣಿವೆಯ ಖೀರ್‌ಗಂಗಾ. ಮೈಸೂರಿನಿಂದ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಹಿಡಿದು ಹಜರತ್ ನಿಜಾಮುದ್ದೀನ್ ತಲುಪಿ, ದಿಲ್ಲಿಯಿಂದ ರಾತ್ರಿ ಬಸ್ಸಿನಲ್ಲಿ ಭುಂತರ್, ಅಲ್ಲಿಂದ ಮಣಿಕರಣದ ಮೂಲಕ ಬರ್ಶೈನಿಗೆ ಹೋದರೆ ರಸ್ತೆ ಮುಗಿಯುತ್ತದೆ. ನಖ್ತಾನ್ ಹಳ್ಳಿ, ರುದ್ರನಾಗ್ ಜಲಪಾತ ಹಾದು, ದೇವದಾರು ಮರಗಳ ಕಾಡಿನಲ್ಲಿ ಸುಮಾರು 12 ಕಿಲೋಮೀಟರ್ ಏರಿದರೆ 2,960 ಮೀಟರ್ ಎತ್ತರದ ಹುಲ್ಲುಗಾವಲು, ಅದರ ಮೇಲ್ಬದಿಯಲ್ಲಿ ಬುಗ್ಗೆ. ಗಂಡಸರ ಕೊಳ ಬಯಲಿನಲ್ಲಿದೆ, ಹೆಂಗಸರದಕ್ಕೆ ಮರೆಯಿದೆ. ನೀರಿನಲ್ಲಿ ಕೆನೆಯಂಥ ಬಿಳಿಯ ಎಳೆಗಳು ತೇಲುತ್ತವೆ. ಭಕ್ತರಿಗೆ ಇದು ಕಾರ್ತಿಕೇಯ ತಪಸ್ಸು ಮಾಡಿದ ಜಾಗ. ಅಲ್ಲಿ ಡೇರೆಗಳು, ಹೋಟೆಲುಗಳು ಮಿತಿಮೀರಿ ಕಸ ಮತ್ತು ಮಲಮೂತ್ರ ಇಳಿಜಾರಿನಲ್ಲಿ ಹರಡತೊಡಗಿದಾಗ, 2018ರಲ್ಲಿ ಹೈಕೋರ್ಟಿನ ಆದೇಶದಂತೆ ಅರಣ್ಯ ಇಲಾಖೆ ಅವನ್ನು ತೆರವುಗೊಳಿಸಿತು. ಆದ್ದರಿಂದ ಉಳಿದುಕೊಳ್ಳಲು ಈಗ ಎಲ್ಲಿ ಅನುಮತಿಯಿದೆ ಎಂಬುದನ್ನು ಕೆಳಗಿನ ಊರಿನಲ್ಲೇ ಕೇಳಿ ತಿಳಿದು ಹತ್ತಬೇಕು. ಪಾರ್ವತಿ ಕಣಿವೆಯಲ್ಲಿ ಒಂಟಿಯಾಗಿ ಹೋದವರು ಕಾಣೆಯಾದ ಪ್ರಕರಣಗಳು ಹಲವು ವರದಿಯಾಗಿವೆ. ಜೊತೆಯಿಲ್ಲದೆ, ದಾರಿ ಬಲ್ಲವರಿಲ್ಲದೆ, ಮನೆಯವರಿಗೆ ಹಿಂದಿರುಗುವ ದಿನ ಹೇಳದೆ ಹೋಗಬಾರದು.

ಬಹಿರ್ದೆಸೆಯ ವಿಚಾರ ಹೇಳಲು ಸಂಕೋಚವಾದರೂ ಹೇಳಲೇಬೇಕಾದದ್ದು. ಕೊಳದಿಂದಲೂ ತೊರೆಯಿಂದಲೂ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ, ಬಳಿಕ ಮಣ್ಣು ಮುಚ್ಚಬೇಕು. ಬುಗ್ಗೆಯ ಬೆಚ್ಚನೆಯ ನೀರು ಮನುಷ್ಯರ ಕರುಳಿನ ಬ್ಯಾಕ್ಟೀರಿಯಗಳಿಗೂ ಹಿತವಾದದ್ದೇ. ಹರಿವು ಕಡಿಮೆಯಿರುವ ಕೊಳವನ್ನು ಹತ್ತು ಜನರ ಗುಂಪೊಂದೇ ಕೆಡಿಸಬಲ್ಲದು. ಶ್ಯಾಂಪು ಸ್ಯಾಷೆ, ಬಿಸ್ಕೆಟ್ ಪೊಟ್ಟಣ, ಹರಕೆಯ ಬಟ್ಟೆ ಯಾವುದನ್ನೂ ಅಲ್ಲಿ ಬಿಡಬಾರದು. ಹಳೆಯ ಬಟ್ಟೆಯನ್ನು ನೀರಿನಲ್ಲಿ ಬಿಟ್ಟುಬರುವ ನಮ್ಮ ಪದ್ಧತಿ ನದಿಗಳನ್ನು ಏನು ಮಾಡಿದೆ ಎಂಬುದನ್ನು ಶ್ರೀರಂಗಪಟ್ಟಣದ ಸ್ನಾನಘಟ್ಟಗಳಲ್ಲಿ ಕಾಣುತ್ತಲೇ ಇದ್ದೇವೆ.

ಕಾಲದ ಆಯ್ಕೆಯಲ್ಲಿ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಳೆಗಾಲವನ್ನು ಪೂರ್ತಿಯಾಗಿ ಬಿಡಬೇಕು. ಮೇ, ಜೂನ್ ಆರಂಭ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅನುಕೂಲ. ಬೇಸಿಗೆಯಲ್ಲಿಯೂ ಹಿಮ ಕರಗುವ ಮಧ್ಯಾಹ್ನದ ಹೊತ್ತಿಗೆ ನದಿಗಳು ಏರುವುದರಿಂದ ನದಿಯ ಅಂಚಿನ ಬುಗ್ಗೆಗಳಿಗೆ ಬೆಳಿಗ್ಗೆಯೇ ಹೋಗಿ ಬರುವುದು ಒಳ್ಳೆಯದು. ಬುಗ್ಗೆಗಳೂ ಇದ್ದಲ್ಲಿಯೇ ಇರುತ್ತವೆಂದು ಹೇಳಲಾಗದು. ಕೇದಾರದ ದಾರಿಯ ಗೌರೀಕುಂಡದಲ್ಲಿ ಯಾತ್ರಿಕರು ತಲೆತಲಾಂತರದಿಂದ ಮೀಯುತ್ತಿದ್ದ ಬಿಸಿನೀರಿನ ಕುಂಡ 2013ರ ಜೂನ್ ಪ್ರವಾಹದಲ್ಲಿ ಹೂತುಹೋಯಿತು. ಸಟ್ಲೆಜ್ ದಡದ ತತ್ತಾಪಾನಿಯ ಬುಗ್ಗೆಗಳು ಕೋಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದವು. ಭೂಕಂಪವಾದಾಗ ಬಿರುಕುಗಳು ಸರಿದು ಬುಗ್ಗೆಯ ಹರಿವೂ ಬಿಸಿಯೂ ಬದಲಾಗುವುದುಂಟು. ಹೀಗಾಗಿ ಹಳೆಯ ಪ್ರವಾಸ ಕಥನವನ್ನೋ ಹಿಂದಿನ ವರ್ಷದ ವಿಡಿಯೋವನ್ನೋ ನಂಬಿ ನೇರವಾಗಿ ಹತ್ತುವುದಕ್ಕಿಂತ, ಭುಂತರ್ ಅಥವಾ ಮಣಿಕರಣದಲ್ಲಿ ಒಂದು ರಾತ್ರಿ ತಂಗಿ, ಆ ವಾರ ಮೇಲೆ ಹೋಗಿಬಂದವರಿಂದ ದಾರಿ, ಸೇತುವೆ, ನೀರಿನ ಹದ ಮೂರನ್ನೂ ವಿಚಾರಿಸಿಕೊಳ್ಳಬೇಕು; ಆ ಒಂದು ರಾತ್ರಿಯ ತಂಗುವಿಕೆಯಿಂದ ದೇಹಕ್ಕೂ ಪ್ರಯಾಣದ ಆಯಾಸ ಕಳೆಯಲು ಅವಕಾಶ ಸಿಗುತ್ತದೆ.